ಅಟ್ಟದ ಮೇಲಿನ ನಕಾಶೆ ಗ್ರಂಥಾಲಯಕ್ಕೆ ಬರುವ ದಾರಿ: ವಾಸ್ತುಶಿಲ್ಪಿಗಳ, ವಿನ್ಯಾಸಕಾರರ ಖಾಸಗಿ ಕಾಗದಪತ್ರಗಳನ್ನು ಕಾಪಾಡುವ ಸಮಗ್ರ ಮಾರ್ಗದರ್ಶಿ

ಹುಬ್ಬಳ್ಳಿಯ ಹಳೆಯ ಬಡಾವಣೆಯೊಂದರಲ್ಲಿ, ತೀರಿಕೊಂಡ ವಾಸ್ತುಶಿಲ್ಪಿಯೊಬ್ಬರ ಮನೆಗೆ ನಾನು ಮೊದಲ ಸಲ ಹೋದಾಗ ಅವರ ಸೊಸೆ ಅಟ್ಟದ ಕಡೆ ಕೈ ತೋರಿಸಿ, "ಇವನ್ನೆಲ್ಲಾ ದೀಪಾವಳಿಗೆ ರದ್ದಿಗೆ ಹಾಕಬೇಕಂತ ಮಾಡಿದ್ವಿರೀ, ನೀವು ಬರ್ತೀನಂದ್ರಿ ಅಂತ ಇಟ್ಟೀವಿ" ಎಂದರು. ಅಲ್ಲಿ ಹಳೆಯ ಧೋತರದಲ್ಲಿ ಸುತ್ತಿದ ನಕಾಶೆಯ ಸುರುಳಿಗಳು, ಹಗ್ಗ ಬಿಗಿದ ಫೈಲುಗಳು, ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ ತುಂಬಿಟ್ಟ ನೆಗೆಟಿವ್‌ಗಳು ಇದ್ದವು. ಒಂದು ಸುರುಳಿಯಲ್ಲಿ ಶಾಲಾ ಕಟ್ಟಡವೊಂದರ ವರ್ಕಿಂಗ್ ಡ್ರಾಯಿಂಗಿನ, ಅಂದರೆ ಕಟ್ಟುವವರಿಗೆ ಕೊಡುವ ವಿವರವಾದ ನಕಾಶೆಯ, ಅಮೋನಿಯಾ ಪ್ರಿಂಟ್ ಎಂಬ ಬಗೆಯ ನಕಲು ಪ್ರತಿ ಸಿಕ್ಕಿತು. ಮೆಟ್ಟಿಲಿನ ಅಳತೆಯನ್ನು ಕೆಂಪು ಪೆನ್ಸಿಲಿನಿಂದ ಹೊಡೆದು ಪಕ್ಕದಲ್ಲಿ ಬೇರೆ ಅಳತೆ ಬರೆದಿದ್ದರು; ಬಲಗಡೆಯ ಮೂಲೆಯಲ್ಲಿ ಸಿಮೆಂಟು ಮೆತ್ತಿದ ಹೆಬ್ಬೆರಳಿನ ಗುರುತಿತ್ತು; ಹಾಳೆಯ ಹಿಂಬದಿಯಲ್ಲಿ ಗೌಂಡಿಯೊಬ್ಬರು ಇಟ್ಟಂಗಿಯ ಲೆಕ್ಕ ಹಾಕಿದ್ದರು. ಮೆಟ್ಟಿಲು ಯಾಕೆ ಬದಲಾಯಿತು ಎಂಬ ಪ್ರಶ್ನೆಗೆ ಆ ಹಾಳೆಯಲ್ಲಿ ಉತ್ತರವಿರಲಿಲ್ಲ. ಉತ್ತರವಿದ್ದದ್ದು ಸಣ್ಣ ಮಕ್ಕಳಿಗೆ ಮೆಟ್ಟಿಲು ಎತ್ತರವಾಗುತ್ತವೆ ಎಂದು ಶಾಲೆಯ ಮುಖ್ಯೋಪಾಧ್ಯಾಯರು ಬರೆದ ಒಂದು ಇನ್‌ಲ್ಯಾಂಡ್ ಪತ್ರದಲ್ಲಿ, ಮತ್ತು ಆ ಪತ್ರ ಅದೇ ಸುರುಳಿಯ ಜೊತೆಗೆ ಒಂದೇ ಹಗ್ಗದಲ್ಲಿ ಕಟ್ಟಿದ್ದ ಫೈಲಿನಲ್ಲಿತ್ತು.

ಆ ಹಗ್ಗವನ್ನು ನಾವು ಅವಸರದಲ್ಲಿ ಬಿಚ್ಚಿ, ಚೆಂದದ ನಕಾಶೆಗಳನ್ನು ಒಂದು ಕಡೆ, ಪತ್ರಗಳನ್ನು ಇನ್ನೊಂದು ಕಡೆ ರಾಶಿ ಹಾಕಿದ್ದರೆ ಆ ಸಂಬಂಧ ಮತ್ತೆ ಯಾರಿಗೂ ತಿಳಿಯುತ್ತಿರಲಿಲ್ಲ. ಹಾಳೆಯನ್ನು ಉಳಿಸುವುದರ ಜೊತೆಗೆ ಹಾಳೆ ಹಾಳೆಗಳ ನಡುವಿನ ನಂಟನ್ನು ಉಳಿಸುವುದು ಈ ಕೆಲಸದ ಅರ್ಧಕ್ಕಿಂತ ಹೆಚ್ಚಿನ ಭಾಗವೆಂದು ನಾನು ನಂಬಿದ್ದೇನೆ, ಮತ್ತು ಮುಂದಿನ ಪ್ರತಿಯೊಂದು ಹಂತವನ್ನೂ ಅದೇ ದೃಷ್ಟಿಯಿಂದ ಬರೆದಿದ್ದೇನೆ. ಇದು ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿಗಳ ಕಾಲೇಜು ಗ್ರಂಥಾಲಯಗಳಲ್ಲಿ, ಸಂಘಸಂಸ್ಥೆಗಳ ಪುಸ್ತಕ ಭಂಡಾರಗಳಲ್ಲಿ ಕೆಲಸ ಮಾಡುವವರಿಗೆ ಮತ್ತು ಇಂಥ ಕಾಗದಗಳನ್ನು ಮನೆಯಲ್ಲಿಟ್ಟುಕೊಂಡು ಏನು ಮಾಡಬೇಕೆಂದು ತೋಚದ ಕುಟುಂಬಗಳಿಗೆ ಉಪಯೋಗವಾಗಲೆಂದು ಬರೆದದ್ದು.

ದೊಡ್ಡ ಹೆಸರಿನವರ ಕಾಗದಗಳಿಗೆ ಎಲ್ಲಾದರೂ ಜಾಗ ಸಿಗುತ್ತದೆ. ಭಾರತದ ಹೆಸರಾಂತ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ತಮ್ಮ ಆರು ಸಾವಿರಕ್ಕೂ ಹೆಚ್ಚು ರೇಖಾಚಿತ್ರಗಳನ್ನು ಬ್ರಿಟನ್ನಿನ ವಾಸ್ತುಶಿಲ್ಪಿಗಳ ರಾಯಲ್ ಸಂಸ್ಥೆಯ ಗ್ರಂಥಾಲಯಕ್ಕೆ ಕೊಟ್ಟರು. 2013ರಲ್ಲಿ ಲಂಡನ್ನಿನಲ್ಲಿ ಅವುಗಳ ಪ್ರದರ್ಶನವೂ ನಡೆಯಿತು. ಆದರೆ ನಮ್ಮ ಊರುಗಳಲ್ಲಿ ಶಾಲೆ, ಸಹಕಾರಿ ಬ್ಯಾಂಕು, ಹತ್ತಿಯ ಗೋದಾಮು, ಕಲ್ಯಾಣ ಮಂಟಪ, ಮಧ್ಯಮ ವರ್ಗದವರ ಮನೆಗಳನ್ನು ಮೂವತ್ತು ನಲವತ್ತು ವರ್ಷ ಕಟ್ಟಿದವರ ಕಾಗದಗಳನ್ನು ಲಂಡನ್ ಕೇಳುವುದಿಲ್ಲ. ಅವನ್ನು ಕೇಳಬೇಕಾದವರು ನಾವೇ. ಹಾಗೆಯೇ ವಿನ್ಯಾಸಕಾರರೆಂದರೆ ಕಟ್ಟಡದವರು ಮಾತ್ರವೆಂದು ತಿಳಿಯಬಾರದು. ಚೌಕುಳಿ ಹಾಳೆಯ ಮೇಲೆ ಕಸೂತಿಯ ಗೋಪುರ, ತೇರು, ತುಳಸಿ ಕಟ್ಟೆಗಳನ್ನು ಬಿಡಿಸಿಟ್ಟವರು, ನವಲಗುಂದದ ಜಮಖಾನೆಯ ಮಾದರಿ ಬರೆದವರು, ಬೆಟಗೇರಿಯ ಮಗ್ಗಗಳಿಗೆ ಅಂಚಿನ ನಕ್ಷೆ ಹಾಕಿಕೊಟ್ಟವರು, ನಾಟಕ ಕಂಪನಿಗಳಿಗೆ ಪರದೆ ಬರೆದವರು, ಇವರೆಲ್ಲರ ಕಾಗದಗಳಿಗೂ ಇದೇ ಕ್ರಮ ಅನ್ವಯಿಸುತ್ತದೆ.

ಮೊದಲ ಭೇಟಿ: ಮುಟ್ಟುವುದಕ್ಕಿಂತ ಮುಂಚೆ

ಮೊದಲ ದಿನ ಏನನ್ನೂ ಎತ್ತಬೇಡಿ. ಕೋಣೆಯ ಬಾಗಿಲಲ್ಲಿ ನಿಂತು ನಾಲ್ಕೂ ಕಡೆಯ ಫೋಟೊ ತೆಗೆಯಿರಿ. ಆಮೇಲೆ ಒಂದೊಂದು ಕಪಾಟು, ಒಂದೊಂದು ಖಾನೆ, ಒಂದೊಂದು ಗಂಟಿನ ಫೋಟೊ ತೆಗೆಯಿರಿ. ಒಂದು ಹಾಳೆಯ ಮೇಲೆ ಆ ಕೋಣೆಯದೇ ಒಂದು ಸಣ್ಣ ನಕಾಶೆ ಬರೆದು, ಕಪಾಟುಗಳಿಗೆ ಅ, ಆ, ಇ ಎಂದೂ ಖಾನೆಗಳಿಗೆ 1, 2, 3 ಎಂದೂ ಗುರುತು ಕೊಡಿ. ಪ್ರತಿಯೊಂದು ಗಂಟಿಗೂ ಈ ಗುರುತಿರುವ ಚೀಟಿಯನ್ನು ಹತ್ತಿಯ ದಾರದಿಂದ ಕಟ್ಟಿರಿ. ಅಂಟಿಸುವ ಚೀಟಿಯನ್ನು ಹಾಳೆಗೆ ಹಚ್ಚಬಾರದು. ಅದರ ಅಂಟು ಕೆಲವೇ ವರ್ಷಗಳಲ್ಲಿ ಹಳದಿಯಾಗಿ ಕಾಗದದೊಳಗೆ ಇಳಿಯುತ್ತದೆ.

ಅಲ್ಲಿ ಇರುವ ಕ್ರಮ ನಮಗೆ ಅಸ್ತವ್ಯಸ್ತವಾಗಿ ಕಂಡರೂ ಅದಕ್ಕೊಂದು ಕಾರಣವಿರುತ್ತದೆ. ಮೊದಲು ಹೇಳಿದ ಹುಬ್ಬಳ್ಳಿಯ ವಾಸ್ತುಶಿಲ್ಪಿಯ ಸಂಗ್ರಹದಲ್ಲಿ ಫೈಲುಗಳು ಇಸವಿಯ ಪ್ರಕಾರವೂ ಇರಲಿಲ್ಲ, ಮಾಲೀಕರ ಹೆಸರಿನ ಪ್ರಕಾರವೂ ಇರಲಿಲ್ಲ. ಅವರ ಕಚೇರಿಯಲ್ಲಿ ನಕಾಶೆ ಬರೆಯುವ ಡ್ರಾಫ್ಟ್ಸ್‌ಮನ್ ಆಗಿ ದುಡಿದು ನಿವೃತ್ತರಾದ ಒಬ್ಬರನ್ನು ಕೇಳಿದಾಗ, "ಗುತ್ತಿಗೆದಾರರ ಪ್ರಕಾರ ಇಡತಿದ್ರರೀ ನಮ್ಮ ಸಾಹೇಬ್ರು, ಬಿಲ್ಲು ತಪಾಸ್ ಮಾಡಾಕ ಸಸಾರ ಆಗತಿತ್ತು" ಎಂದು ಅವರು ಒಂದೇ ಮಾತಿನಲ್ಲಿ ಬಿಡಿಸಿ ಹೇಳಿದರು. ಆದ್ದರಿಂದ ಕಚೇರಿಯಲ್ಲಿ ಕೆಲಸ ಮಾಡಿದವರು, ಟೈಪಿಸ್ಟರು, ಮೇಸ್ತ್ರಿಗಳು ಬದುಕಿರುವಾಗಲೇ ಅವರನ್ನು ಕಂಡು, ಒಪ್ಪಿಗೆ ಪಡೆದು, ಅವರ ಮಾತನ್ನು ಧ್ವನಿಮುದ್ರಿಸಿಕೊಳ್ಳಿ. ಯಾವ ಕೈಬರಹ ಯಾರದು, ಸಂಕ್ಷಿಪ್ತ ಗುರುತುಗಳಿಗೆ ಅರ್ಥವೇನು, ಯಾವ ಕೆಲಸ ಕಾಗದದಲ್ಲೇ ಉಳಿದು ಕಟ್ಟಡವಾಗಲಿಲ್ಲ ಎಂಬ ಮೂರು ಪ್ರಶ್ನೆಗಳನ್ನು ತಪ್ಪದೆ ಕೇಳಿ.

ದಾನಪತ್ರ ಮತ್ತು ಹಕ್ಕುಸ್ವಾಮ್ಯ

ಕಾಗದದ ಒಡೆತನ ಬೇರೆ, ಅದರಲ್ಲಿರುವ ಕೃತಿಯ ಹಕ್ಕುಸ್ವಾಮ್ಯ ಬೇರೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಕಟ್ಟಡದ ನಕಾಶೆಯೂ ವಾಸ್ತುಕೃತಿಯೂ ಕಲಾಕೃತಿಗಳೆನಿಸುತ್ತವೆ. ಅವುಗಳ ಹಕ್ಕು ಕರ್ತೃವಿನ ಜೀವಿತಾವಧಿಯ ನಂತರವೂ 60 ವರ್ಷ ಉಳಿಯುತ್ತದೆ. ಕುಟುಂಬದವರು ಗಂಟುಗಳನ್ನು ಗ್ರಂಥಾಲಯಕ್ಕೆ ಕೊಟ್ಟ ಮಾತ್ರಕ್ಕೆ ಈ ಹಕ್ಕು ಕೈಬದಲಾಗುವುದಿಲ್ಲ. ಹಕ್ಕನ್ನು ವಹಿಸಿಕೊಡುವುದಾದರೆ ಅದು ಬರಹದಲ್ಲಿದ್ದು ಕೊಡುವವರ ಸಹಿ ಇರಲೇಬೇಕು. ಇಲ್ಲಿ ಬಹಳ ಜನ ಎಡವುವ ಒಂದು ಸಂಗತಿಯಿದೆ: ಪತ್ರದಲ್ಲಿ ಅವಧಿಯನ್ನು ನಮೂದಿಸದಿದ್ದರೆ ಅದು ಕೇವಲ 5 ವರ್ಷಕ್ಕೆ ಎಂದೂ, ಪ್ರದೇಶವನ್ನು ನಮೂದಿಸದಿದ್ದರೆ ಭಾರತದ ಮಟ್ಟಿಗೆ ಮಾತ್ರ ಎಂದೂ ಕಾಯ್ದೆ ಪರಿಗಣಿಸುತ್ತದೆ. ಆದ್ದರಿಂದ ಎರಡನ್ನೂ ಸ್ಪಷ್ಟವಾಗಿ ಬರೆಸಿ. ಹಕ್ಕನ್ನು ಪೂರ್ತಿ ಬಿಟ್ಟುಕೊಡಲು ಮನೆಯವರಿಗೆ ಮನಸ್ಸಿಲ್ಲದಿದ್ದರೆ, ಸ್ಕ್ಯಾನ್ ಮಾಡುವುದಕ್ಕೆ, ಓದುಗರಿಗೆ ತೋರಿಸುವುದಕ್ಕೆ ಮತ್ತು ಜಾಲತಾಣದಲ್ಲಿ ಹಾಕುವುದಕ್ಕೆ ಪ್ರತ್ಯೇಕವಾಗಿ ಅನುಮತಿ ಬರೆಸಿಕೊಂಡರೆ ಸಾಕು.

ಕೊಟ್ಟವರು ಒಬ್ಬರಾದರೂ ವಾರಸುದಾರರು ಹಲವರಿರುತ್ತಾರೆ. ಬೆಂಗಳೂರಿನಲ್ಲೋ ಪುಣೆಯಲ್ಲೋ ಇರುವ ಮಕ್ಕಳ ಸಹಿಯನ್ನೂ ಪಡೆಯುವುದು ಒಳ್ಳೆಯದು. ಸಂಬಳಕ್ಕಿದ್ದ ನೌಕರರು ಕಚೇರಿಗಾಗಿ ಬರೆದ ನಕಾಶೆಯ ಹಕ್ಕು, ಬೇರೆ ಒಪ್ಪಂದವಿಲ್ಲದಿದ್ದರೆ, ಕಚೇರಿಯ ಮಾಲೀಕರಿಗೆ ಸೇರುತ್ತದೆ. ಸರ್ಕಾರಿ ಕಚೇರಿಯ ಮೂಲ ಕಡತಗಳು ಗಂಟಿನಲ್ಲಿ ಸಿಕ್ಕರೆ ಅವನ್ನು ಬೇರೆ ಇಟ್ಟು, ಧಾರವಾಡದಲ್ಲಿರುವ ರಾಜ್ಯ ಪತ್ರಾಗಾರದ ವಿಭಾಗೀಯ ಕಚೇರಿಯವರ ಜೊತೆ ಮಾತನಾಡಿ ಮುಂದುವರಿಯಿರಿ. ಯಾವ ಕಾಗದಗಳನ್ನು ಎಷ್ಟು ವರ್ಷ ತೆರೆಯಬಾರದು, ಬೇಡವಾದ ಪ್ರತಿಗಳನ್ನು ಮನೆಗೆ ಮರಳಿಸಬೇಕೋ ವಿಲೇವಾರಿ ಮಾಡಬಹುದೋ ಎಂಬುದೂ ಅದೇ ದಾನಪತ್ರದಲ್ಲಿರಲಿ.

ಸಾಗಣೆ ಮತ್ತು ಹುಳುವಿನ ತಪಾಸಣೆ

ಸಾಧ್ಯವಿದ್ದರೆ ಮಳೆಗಾಲ ಕಳೆದ ಮೇಲೆ ಸಾಗಿಸಿ. ಗದಗಿನ ಒಣಹವೆಯಲ್ಲಿ ಗಟ್ಟಿಯಾಗಿ ಉಳಿದ ಕಾಗದ ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಎರಡೇ ವಾರಕ್ಕೆ ಬೂಷ್ಟು ಹಿಡಿದದ್ದನ್ನು ನಾನು ಕಂಡಿದ್ದೇನೆ. ಬಂದ ಗಂಟುಗಳನ್ನು ನೇರವಾಗಿ ಪುಸ್ತಕಗಳ ಕೋಣೆಗೆ ಒಯ್ಯದೆ, ಬೇರೊಂದು ಕೋಣೆಯಲ್ಲಿ ಬಿಳಿ ಬಟ್ಟೆ ಹಾಸಿ ಇಡಿ. ಒರಲೆ, ಬೆಳ್ಳಿ ಬಣ್ಣದ ಪುಸ್ತಕದ ಹುಳು, ಅವುಗಳ ಹಿಕ್ಕೆ ಬಿಳಿಯ ಬಟ್ಟೆಯ ಮೇಲೆ ಕೂಡಲೇ ಕಾಣುತ್ತವೆ.

ಹುಳುವಿದ್ದರೆ ಔಷಧ ಸಿಂಪಡಿಸುವ ಬದಲು ಗಂಟನ್ನು ಪಾಲಿಥಿನ್ ಚೀಲದಲ್ಲಿ ಗಾಳಿ ತೆಗೆದು ಬಿಗಿಯಾಗಿ ಮುಚ್ಚಿ, ಮೈನಸ್ 20 ಡಿಗ್ರಿಯ ಡೀಪ್ ಫ್ರೀಜರಿನಲ್ಲಿ ಎರಡು ವಾರ ಇಡುವುದು ಕ್ಷೇಮ. ಹೊರಗೆ ತೆಗೆದ ಮೇಲೆ ಒಂದು ದಿನ ಪೂರ್ತಿ ಚೀಲವನ್ನು ತೆರೆಯದೆ ಬಿಡಬೇಕು. ಅವಸರ ಮಾಡಿದರೆ ಹೊರಗಿನ ತೇವ ತಣ್ಣಗಿನ ಹಾಳೆಯ ಮೇಲೆ ಹನಿಗಟ್ಟುತ್ತದೆ. ಗಾಜಿನ ನೆಗೆಟಿವ್‌ಗಳನ್ನೂ ಬಣ್ಣ ಬಳಿದ ಮಾದರಿಗಳನ್ನೂ ಫ್ರೀಜರಿಗೆ ಇಡಬೇಡಿ. ಬೂಷ್ಟು ಹಿಡಿದ ಹಾಳೆಗಳನ್ನು ನೆರಳಿನಲ್ಲಿ, ಫ್ಯಾನಿನ ಗಾಳಿ ನೇರವಾಗಿ ಬೀಳದಂತೆ ಹರವಿ ಒಣಗಿಸಿ, ಪೂರ್ತಿ ಒಣಗಿದ ಮೇಲೆ ಎನ್-95 ಮಾಸ್ಕ್ ಹಾಕಿಕೊಂಡು ಮೆತ್ತನೆಯ ಬ್ರಷ್ಷಿನಿಂದ ಝಾಡಿಸಿ. ಕಾಳುಕಡಿಗಳ ಹಾಗೆ ಇವನ್ನು ಬಿಸಿಲಿಗೆ ಹಾಕುವ ರೂಢಿ ನಮ್ಮಲ್ಲಿದೆ. ನಕಾಶೆಗಳಿಗೆ ಬಿಸಿಲು ಎಷ್ಟು ಕೆಟ್ಟದ್ದೆಂಬುದು ಮುಂದಿನ ಭಾಗವನ್ನು ಓದಿದಾಗ ತಿಳಿಯುತ್ತದೆ.

ಹಾಳೆಯ ಜಾತಿ ಗುರುತಿಸುವುದು

ಸಾಮಾನ್ಯ ಕಡತಗಳಿಗೂ ವಾಸ್ತುಶಿಲ್ಪಿಯ ಸಂಗ್ರಹಕ್ಕೂ ಇರುವ ದೊಡ್ಡ ವ್ಯತ್ಯಾಸ ಇದು. ಒಂದೇ ಸುರುಳಿಯೊಳಗೆ ಐದು ಬಗೆಯ ಹಾಳೆಗಳಿರುತ್ತವೆ, ಮತ್ತು ಒಂದಕ್ಕೆ ಹಿತವಾದದ್ದು ಇನ್ನೊಂದಕ್ಕೆ ವಿಷವಾಗಬಹುದು.

ಬ್ಲೂಪ್ರಿಂಟನ್ನು ಗುರುತಿಸುವುದು ಸುಲಭ: ಕಡುನೀಲಿ ನೆಲದ ಮೇಲೆ ಬಿಳಿಯ ಗೆರೆಗಳು, ನೀಲಿ ಬಣ್ಣ ಕಾಗದದ ನಾರಿನೊಳಗೇ ಇಳಿದಿರುತ್ತದೆ. 1842ರಲ್ಲಿ ಜಾನ್ ಹರ್ಷೆಲ್ ಕಂಡುಹಿಡಿದ, ಕಬ್ಬಿಣದ ಲವಣಗಳನ್ನು ಬೆಳಕಿಗೊಡ್ಡುವ ವಿಧಾನದಿಂದ ಇದನ್ನು ಮಾಡುತ್ತಿದ್ದರು. ಇದಕ್ಕೆ ಎರಡು ಶತ್ರುಗಳು, ಬೆಳಕು ಮತ್ತು ಕ್ಷಾರ. ಬೆಳಕಿನಿಂದ ಮಾಸಿದ ನೀಲಿಯು ಕತ್ತಲೆಯಲ್ಲಿಟ್ಟರೆ ಸ್ವಲ್ಪ ಮಟ್ಟಿಗೆ ಮರಳಿ ಬರುತ್ತದೆ. ಕ್ಷಾರ ತಗುಲಿ ಕಂದು ಹಳದಿಗೆ ತಿರುಗಿದ ನೀಲಿಯು ತಾನಾಗಿ ಮರಳುವುದಿಲ್ಲ. ಆಮ್ಲರಹಿತವೆಂದು ಮಾರುವ ಒಳ್ಳೆಯ ಕಾಗದಗಳಲ್ಲಿ ಹೆಚ್ಚಿನವಕ್ಕೆ ಕ್ಯಾಲ್ಸಿಯಂ ಕಾರ್ಬೊನೇಟ್ ಸೇರಿಸಿರುತ್ತಾರೆ, ಅದು ಕ್ಷಾರವೇ. ಈ ಕೆಲಸ ಕಲಿಯುತ್ತಿದ್ದ ಮೊದಲ ವರ್ಷ ನಾನು ಅಂಥ ದುಬಾರಿ ಫೋಲ್ಡರುಗಳಲ್ಲೇ ಹನ್ನೆರಡು ಬ್ಲೂಪ್ರಿಂಟುಗಳನ್ನು ಇಟ್ಟೆ. ಒಂದು ಮಳೆಗಾಲ ಕಳೆದು ತೆಗೆದು ನೋಡಿದಾಗ, ಗೋಡೆಯ ಕಡೆ ತೇವ ತಾಗಿದ ಅಂಚುಗಳಲ್ಲಿ ನೀಲಿ ಬಣ್ಣ ಅಂಗೈ ಅಗಲ ಕಂದಿಹೋಗಿತ್ತು, ಆ ಭಾಗದ ಗೆರೆಗಳು ನೆಲದಲ್ಲಿ ಬೆರೆತಿದ್ದವು. ಬ್ಲೂಪ್ರಿಂಟಿಗೆ ಕ್ಷಾರ ಸೇರಿಸದ ತಟಸ್ಥ ಕಾಗದವನ್ನೇ ಕೇಳಿ ತರಿಸಬೇಕು. ಬಟ್ಟೆಯಲ್ಲಿ ಸುತ್ತುವುದಾದರೆ ಆ ಬಟ್ಟೆಯನ್ನು ಸೋಡಾ, ಸಾಬೂನುಗಳ ಅಂಶ ಪೂರ್ತಿ ಹೋಗುವವರೆಗೆ ನಾಲ್ಕೈದು ನೀರಿನಲ್ಲಿ ಜಾಲಿಸಿ ಒಣಗಿಸಿರಬೇಕು.

ನಾವು ಅಮೋನಿಯಾ ಪ್ರಿಂಟ್ ಎಂದು ಕರೆಯುವ ಡಯಾಜೊ ಪ್ರತಿಯಲ್ಲಿ ಇದಕ್ಕೆ ತದ್ವಿರುದ್ಧವಾಗಿ, ಬಿಳಿಚಿದ ನೆಲದ ಮೇಲೆ ನೀಲಿ, ಕಪ್ಪು ಅಥವಾ ಕಂದು ಗೆರೆಗಳಿರುತ್ತವೆ. ಬಣ್ಣವಿರುವುದು ಒಂದೇ ಮಗ್ಗುಲಿಗೆ. ದೊಡ್ಡ ಝೆರಾಕ್ಸ್ ಮತ್ತು ಪ್ಲಾಟರ್ ಬರುವವರೆಗೆ ನಮ್ಮ ಊರಿನ ಹೆಚ್ಚಿನ ಕಟ್ಟಡಗಳು ಇದೇ ಪ್ರತಿಯನ್ನು ನೋಡಿ ಎದ್ದದ್ದು. ಅದರೊಳಗೆ ಉಳಿದ ರಾಸಾಯನಿಕಗಳು ಕಾಲ ಕಳೆದಂತೆ ಹೊರಬಂದು ಆ ಹಾಳೆಯನ್ನೂ ಅದಕ್ಕೆ ತಾಗಿದ ಹಾಳೆಗಳನ್ನೂ ಹಳದಿಗಟ್ಟಿಸುತ್ತವೆ. ಆದ್ದರಿಂದ ಅಮೋನಿಯಾ ಪ್ರಿಂಟುಗಳನ್ನು ಯಾವಾಗಲೂ ಬೇರೆ ಫೋಲ್ಡರಿನಲ್ಲಿ ಇಡಬೇಕು. ಹೀಗೆ ಬೇರೆ ಮಾಡಿದಾಗ ಅದರ ಮೂಲ ಜಾಗದಲ್ಲಿ ಒಂದು ಗುಲಾಬಿ ಚೀಟಿ ಇಟ್ಟು, ಹಾಳೆ ಎಲ್ಲಿಗೆ ಹೋಯಿತೆಂದು ಬರೆಯಿರಿ. ಹಗ್ಗ ಮಾಡುತ್ತಿದ್ದ ಕೆಲಸವನ್ನು ಇನ್ನು ಮೇಲೆ ಆ ಚೀಟಿ ಮಾಡಬೇಕು.

ಟ್ರೇಸಿಂಗ್ ಬಟ್ಟೆ ಹಳೆಯ ಸಂಗ್ರಹಗಳಲ್ಲಿ ಸಿಗುತ್ತದೆ. ತೆಳುವಾದ ಹತ್ತಿ ಅಥವಾ ನಾರಿನ ಬಟ್ಟೆಗೆ ಗಂಜಿ ಹಾಕಿ ನುಣುಪು ಮಾಡಿದ ಇದು ಬಲವಾದದ್ದು, ಆದರೆ ಒಂದು ಹನಿ ನೀರು ಬಿದ್ದರೆ ಗಂಜಿ ಕರಗಿ ಅಲ್ಲಿ ಸುಕ್ಕುಗಟ್ಟುತ್ತದೆ. ಬೆವರಿದ ಕೈಯಿಂದಲೂ ಮುಟ್ಟಬಾರದು. ಟ್ರೇಸಿಂಗ್ ಕಾಗದದಲ್ಲಿ ಹಳೆಯದು ಎಣ್ಣೆ ಅಥವಾ ರಾಳ ಹಾಕಿ ಪಾರದರ್ಶಕ ಮಾಡಿದ್ದಾದರೆ ಕಂದಿ, ಮಡಿಸಿದಲ್ಲಿ ಹಪ್ಪಳದ ಹಾಗೆ ಮುರಿಯುತ್ತದೆ. ಈಚಿನದು ತೇವ ತಾಗಿದರೆ ಅಲೆಅಲೆಯಾಗಿ ಹಿಗ್ಗುತ್ತದೆ. ಅದರ ಮೇಲೆ ರೋಟ್ರಿಂಗ್ ಎಂಬ ನಕಾಶೆ ಬರೆಯುವ ಶಾಯಿ ಪೆನ್ನಿನಿಂದ ಬರೆದ ಗೆರೆಯನ್ನು ಬ್ಲೇಡಿನಿಂದ ಕೆರೆದು ತಿದ್ದುತ್ತಿದ್ದರಷ್ಟೆ. ಹಾಳೆಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಕೆರೆದ ಜಾಗ ಮಸುಕಾಗಿ ಕಾಣುತ್ತದೆ, ಅಳಿಸಿದ ಮೊದಲಿನ ಗೋಡೆಯೂ ಕಿಟಕಿಯೂ ಕೆಲವೊಮ್ಮೆ ಓದಲು ಬರುತ್ತವೆ. ಇಂಥ ಗುರುತನ್ನು ಕೊಳೆಯೆಂದು ತಿಳಿದು ರಬ್ಬರಿನಿಂದ ಒರೆಸಬೇಡಿ. ಬಟರ್ ಪೇಪರ್ ಎಂಬ ತೆಳು ಅರೆಪಾರದರ್ಶಕ ಕಾಗದದ ಮೇಲಿನ ಕಚ್ಚಾ ಚಿತ್ರಗಳನ್ನು ಮನೆಯವರು ಮೊದಲು ಎಸೆಯುತ್ತಾರೆ. ನನ್ನ ಅನುಭವದಲ್ಲಿ ಯೋಚನೆ ಹುಟ್ಟಿದ ಜಾಗ ಅದೇ, ಆದ್ದರಿಂದ ಅದನ್ನು ಮೊದಲು ಎತ್ತಿಡಿ.

ನೆಗೆಟಿವ್ ಡಬ್ಬಿ ತೆರೆದಾಗ ವಿನೆಗರಿನ ಹುಳಿ ವಾಸನೆ ಬಂದರೆ ಅಸಿಟೇಟ್ ಫಿಲ್ಮ್ ಕೊಳೆಯತೊಡಗಿದೆ ಎಂದರ್ಥ. ಅದು ಪಕ್ಕದ ಫಿಲ್ಮಿಗೂ ಹಬ್ಬುತ್ತದೆ. ತಗಡಿನ ಡಬ್ಬಿಯಿಂದ ತೆಗೆದು, ಕಾಗದದ ಲಕೋಟೆಗಳಿಗೆ ಹಾಕಿ, ಬೇರೆ ಜಾಗದಲ್ಲಿಟ್ಟು, ಎಲ್ಲಕ್ಕಿಂತ ಮೊದಲು ಅವನ್ನೇ ಸ್ಕ್ಯಾನ್ ಮಾಡಿಸಿ. ಥರ್ಮೊಕೋಲ್, ಸನ್‌ಬೋರ್ಡುಗಳ ಮಾದರಿಗಳು ಬಹಳ ದಿನ ಬಾಳುವುದಿಲ್ಲ. ಸುತ್ತಲಿನಿಂದ ಫೋಟೊ ತೆಗೆದು, ಮರದಲ್ಲಿ ಮಾಡಿದ ಒಂದೆರಡನ್ನು ಮಾತ್ರ ಉಳಿಸಿಕೊಳ್ಳುವುದು ನನ್ನ ಸಲಹೆ.

ಸುರುಳಿ ಬಿಚ್ಚಿ ಚಪ್ಪಟೆ ಮಾಡುವುದು

ಮೊದಲು ತುಕ್ಕು ಹಿಡಿದ ಟಾಚಣಿ, ಸ್ಟೇಪಲ್, ರಬ್ಬರ್ ಬ್ಯಾಂಡುಗಳನ್ನು ತೆಗೆಯಿರಿ. ಸ್ಟೇಪಲನ್ನು ಎಳೆಯದೆ, ಹಿಂಬದಿಯ ಎರಡು ಕಾಲುಗಳನ್ನು ತೆಳುವಾದ ಚಪ್ಪಟೆ ಚಮಚದಂಥ ಉಪಕರಣದಿಂದ ಎಬ್ಬಿಸಿ ಬಿಡಿಸಬೇಕು. ಸೆಲ್ಲೋಟೇಪ್ ಹಚ್ಚಿದ್ದರೆ ಕೀಳಬೇಡಿ, ಗೆರೆಯೂ ಜೊತೆಗೆ ಬರುತ್ತದೆ. ಆ ಕೆಲಸವನ್ನು ತರಬೇತಿ ಪಡೆದ ಸಂರಕ್ಷಕರಿಗೆ ಬಿಡಿ.

ಗಟ್ಟಿಯಾಗಿ ಸುತ್ತಿಕೊಂಡ ಸಾಮಾನ್ಯ ಡ್ರಾಯಿಂಗ್ ಕಾಗದವನ್ನು ಮೆತ್ತಗೆ ಮಾಡಲು ಮುಚ್ಚಳವಿರುವ ದೊಡ್ಡ ಪ್ಲಾಸ್ಟಿಕ್ ಪೆಟ್ಟಿಗೆ ಸಾಕು. ತಳದಲ್ಲಿ ಹಿಂಡಿದ ಒದ್ದೆ ಟವೆಲ್ ಹಾಸಿ, ಅದರ ಮೇಲೆ ಪ್ಲಾಸ್ಟಿಕ್ ಜಾಳಿಗೆ ಇಟ್ಟು, ನೀರು ತಾಗದಂತೆ ಸುರುಳಿಯನ್ನು ಅದರ ಮೇಲಿಟ್ಟು ಮುಚ್ಚಬೇಕು. ಗಂಟೆಗೊಮ್ಮೆ ತೆರೆದು ನೋಡುತ್ತಿರಿ. ಹಾಳೆ ತಾನಾಗಿ ಸಡಿಲವಾದ ಮೇಲೆ ಎರಡು ಬ್ಲಾಟಿಂಗ್ ಕಾಗದಗಳ ನಡುವೆ ಹರವಿ, ಮೇಲೆ ಪ್ಲೈವುಡ್ ಹಲಗೆ ಮತ್ತು ತೂಕ ಇಟ್ಟು ಮೂರು ನಾಲ್ಕು ದಿನ ಬಿಡಬೇಕು, ಮೊದಲ ದಿನ ಬ್ಲಾಟಿಂಗ್ ಬದಲಿಸಬೇಕು. ಬಣ್ಣದ ಶಾಯಿ, ಸ್ಕೆಚ್ ಪೆನ್, ಮೊಹರಿನ ಮಸಿ ಇರುವ ಹಾಳೆ, ಟ್ರೇಸಿಂಗ್ ಬಟ್ಟೆ, ಫೋಟೊ, ಬೂಷ್ಟು ಹಿಡಿದ ಹಾಳೆಗಳಿಗೆ ಈ ವಿಧಾನ ಬೇಡ.

ವಿಂಗಡಣೆ

ಒಬ್ಬರ ಕಾಗದಗಳನ್ನು ಇನ್ನೊಬ್ಬರ ಕಾಗದಗಳ ಜೊತೆ ಬೆರೆಸಬಾರದು. ಬಂದ ಕ್ರಮವನ್ನು ಕಾರಣವಿಲ್ಲದೆ ಕೆಡಿಸಬಾರದು. ಜಗತ್ತಿನ ಎಲ್ಲ ಪತ್ರಾಗಾರಗಳೂ ಪಾಲಿಸುವ ಎರಡು ನಿಯಮಗಳಿವು, ಮತ್ತು ನಮ್ಮ ಗ್ರಂಥಾಲಯಗಳಲ್ಲಿ ಬಹಳ ಸಲ ಮುರಿಯುವ ನಿಯಮಗಳೂ ಇವೇ, ಯಾಕೆಂದರೆ ವಿಷಯಕ್ಕನುಗುಣವಾಗಿ ಪುಸ್ತಕ ಜೋಡಿಸಿದ ಕೈ ಕಾಗದಗಳನ್ನೂ ದೇವಸ್ಥಾನಗಳು, ಶಾಲೆಗಳು, ಮನೆಗಳು ಎಂದು ಹಂಚಲು ಹೊರಡುತ್ತದೆ.

ಸಂಗ್ರಹವನ್ನು ದೊಡ್ಡ ಶ್ರೇಣಿಗಳಾಗಿ ನೋಡಿ. ದಿನಚರಿ, ಕುಟುಂಬದ ಪತ್ರ, ಪ್ರವಾಸದ ಚಿತ್ರಪುಸ್ತಕಗಳು ವೈಯಕ್ತಿಕ ಶ್ರೇಣಿ. ಭಾಷಣ, ಲೇಖನ, ಸಂಘಗಳ ವ್ಯವಹಾರ, ಪಾಠ ಹೇಳಿದ ಟಿಪ್ಪಣಿಗಳು ವೃತ್ತಿಯ ಶ್ರೇಣಿ. ಲೆಡ್ಜರ್, ಪಗಾರ ಪಟ್ಟಿ, ಕೆಲಸಗಳ ನೋಂದಣಿ ಪುಸ್ತಕಗಳು ಕಚೇರಿಯ ಶ್ರೇಣಿ. ಉಳಿದ ದೊಡ್ಡ ಭಾಗ ಕಟ್ಟಡ ಕೆಲಸಗಳ ಶ್ರೇಣಿ, ಅದರಲ್ಲಿ ಒಂದೊಂದು ಕೆಲಸವೂ ಒಂದು ಘಟಕ. ಒಂದು ಕೆಲಸಕ್ಕೆ ಸೇರಿದ ಪತ್ರ, ಸಿಟಿ ಸರ್ವೆಯ ಉತಾರ (ಜಾಗದ ದಾಖಲೆಯ ಪ್ರತಿ), ಮೋಜಣಿ (ಜಾಗ ಅಳೆದ) ನಕಾಶೆ, ಅಂದಾಜು ಪತ್ರಿಕೆ, ಮಂಜೂರಾತಿ ನಕಾಶೆ, ವರ್ಕಿಂಗ್ ಡ್ರಾಯಿಂಗ್, ಬಿಲ್ಲು, ಫೋಟೊಗಳು ಬೇರೆ ಬೇರೆ ಕಪಾಟಿನಲ್ಲಿದ್ದರೂ ಸೂಚಿಯಲ್ಲಿ ಒಂದೇ ಕಡೆ ಬರಬೇಕು. ಕೆಲಸಗಳ ನೋಂದಣಿ ಪುಸ್ತಕ ಸಿಕ್ಕರೆ ಅದೇ ನಿಮ್ಮ ಬೆನ್ನೆಲುಬು. ಅದರಲ್ಲಿರುವ ಕ್ರಮಸಂಖ್ಯೆಯನ್ನೇ ಉಳಿಸಿಕೊಳ್ಳಿ.

ಎಲ್ಲವನ್ನೂ ಇಟ್ಟುಕೊಳ್ಳಬೇಕಿಲ್ಲ. ಅಂಗಡಿಗಳ ಕ್ಯಾಟಲಾಗ್, ಎಲ್ಲೆಡೆ ಸಿಗುವ ಅಚ್ಚಾದ ನಿಯಮಾವಳಿ, ಗುರುತಿಲ್ಲದ ಹೆಚ್ಚುವರಿ ಪ್ರತಿಗಳನ್ನು ಬಿಡಬಹುದು. ಆದರೆ ಒಂದೇ ನಕಾಶೆಯ ಐದು ಪ್ರತಿಗಳಿದ್ದರೆ ಐದನ್ನೂ ಎರಡು ಮಗ್ಗುಲು ತಿರುಗಿಸಿ ನೋಡದೆ ತೀರ್ಮಾನಿಸಬೇಡಿ. ಪಾಲಿಕೆಯ ಮೊಹರು ಒಂದರ ಮೇಲಿರುತ್ತದೆ, ಕೆಂಪು ಪೆನ್ಸಿಲಿನ ತಿದ್ದುಪಡಿ ಇನ್ನೊಂದರ ಮೇಲಿರುತ್ತದೆ, ಗೌಂಡಿಯ ಲೆಕ್ಕ ಮತ್ತೊಂದರ ಬೆನ್ನಿಗಿರುತ್ತದೆ.

ವಿವರ ಬರೆಯುವುದು

ಪ್ರತಿಯೊಂದು ಹಾಳೆಯ ಹಿಂಬದಿಯ ಕೆಳಗಿನ ಬಲ ಮೂಲೆಯಲ್ಲಿ ಮೆತ್ತನೆಯ ಪೆನ್ಸಿಲಿನಿಂದ ಸಂಖ್ಯೆ ಹಾಕಿ. ಪೆನ್ಸಿಲ್ ಹತ್ತದ ಪಾಲಿಯೆಸ್ಟರ್ ಫಿಲ್ಮಾದರೆ ಫೋಲ್ಡರಿನ ಮೇಲೆ ಬರೆಯಿರಿ. ಸೂಚಿಯ ಒಂದು ನಮೂದು ಹೀಗಿರಬಹುದು: "ಕೆಲಸ 17, ಹಾಳೆ 5. ಧಾರವಾಡ, ಮಾಳಮಡ್ಡಿಯಲ್ಲಿ ವಾಸದ ಮನೆ, ನೆಲ ಅಂತಸ್ತಿನ ನಕಾಶೆ. ಟ್ರೇಸಿಂಗ್ ಬಟ್ಟೆಯ ಮೇಲೆ ಕಪ್ಪು ಶಾಯಿ. 8 ಅಡಿಗೆ 1 ಇಂಚು. ದಿನಾಂಕವಿಲ್ಲ, ಅಡಿ ಇಂಚಿನ ಅಳತೆಯಿಂದ ಹಳೆಯದೆಂದು ಊಹೆ. ಪಡಸಾಲೆಯ ಎರಡು ಕಂಬ ಬ್ಲೇಡಿನಿಂದ ಕೆರೆದು ತೆಗೆದಿದೆ. ಎಡ ಅಂಚು ಹರಿದಿದೆ. ಸಂಬಂಧಿತ ಪತ್ರಗಳು: ಫೈಲ್ 17, ಪುಟ 3 ಮತ್ತು 9." ಹಾಳೆಯಲ್ಲಿ ಇರುವುದನ್ನೂ ನೀವು ಊಹಿಸಿದ್ದನ್ನೂ ಓದುಗರು ಬೇರೆ ಮಾಡಿ ನೋಡುವಂತಿರಬೇಕು.

ನಮ್ಮ ಪ್ರದೇಶದಲ್ಲಿ ಕಾಲ ನಿರ್ಣಯಕ್ಕೆ, ಹುಡುಕಾಟಕ್ಕೆ ಕೆಲವು ಸಂಗತಿಗಳನ್ನು ನೆನಪಿನಲ್ಲಿಡಬೇಕು. 1956ಕ್ಕಿಂತ ಹಿಂದಿನ ಕಡತಗಳಲ್ಲಿ ಇದು ಮುಂಬಯಿ ರಾಜ್ಯ. ಮರಾಠಿಯೂ ಅದನ್ನು ಹಿಂದೆ ಬರೆಯುತ್ತಿದ್ದ ಮೋಡಿ ಲಿಪಿಯೂ ಸಿಗುತ್ತವೆ. ಹುಬ್ಬಳ್ಳಿ, ಧಾರವಾಡಗಳು ಒಂದೇ ಮಹಾನಗರ ಪಾಲಿಕೆಯಾದದ್ದು 1962ರಲ್ಲಿ. ಗದಗ, ಹಾವೇರಿಗಳು ಬೇರೆ ಜಿಲ್ಲೆಗಳಾದದ್ದು 1997ರಲ್ಲಿ, ಆದ್ದರಿಂದ ಅದಕ್ಕಿಂತ ಹಿಂದಿನ ಹಾಳೆಗಳಲ್ಲಿ ರಾಣೆಬೆನ್ನೂರಿನ ಕಟ್ಟಡವೂ ರೋಣದ ಕಟ್ಟಡವೂ ಧಾರವಾಡ ಜಿಲ್ಲೆಯವೇ. ಸೂಚಿಯಲ್ಲಿ ಹಾಳೆಯ ಮೇಲಿನ ಹೆಸರನ್ನು ಇದ್ದಂತೆ ಬರೆದು, ಇಂದಿನ ಜಿಲ್ಲೆಯನ್ನು ಪಕ್ಕದಲ್ಲಿ ಕೊಡಿ. ಕಟ್ಟಡದ ಹೆಸರುಗಳೂ ಬದಲಾಗುತ್ತವೆ: ಧಾರವಾಡದ ಕರ್ನಾಟಕ ಕಾಲೇಜಿನ ಮುಖ್ಯ ಕಟ್ಟಡ ಮೊದಲು ಸದರ್ನ್ ಮರಾಠಾ ರೇಲ್ವೆಯ ಕಚೇರಿಯಾಗಿತ್ತು, ಎರಡೂ ಹೆಸರಿನಿಂದ ಹುಡುಕಿದವರಿಗೆ ಅದು ಸಿಗಬೇಕು. ಅಂಗಳ, ಪಡಸಾಲೆ, ಮಾಳಿಗೆ, ಗಚ್ಚು, ತೊಲೆ, ಜಂತಿ ಮೊದಲಾದ ಪದಗಳನ್ನು ಹುಡುಕುಪದಗಳಾಗಿ ಕನ್ನಡದಲ್ಲೇ ಇಡಿ. ಕಸೂತಿಯ ಹಾಳೆಗಳಿಗೆ ಗವಂತಿ, ಮುರಗಿ, ನೇಗಿ, ಮೆಂತ್ಯ ಎಂಬ ಹೊಲಿಗೆಯ ಹೆಸರುಗಳೇ ಹುಡುಕುಪದಗಳು. ಸೂಚಿಗೆ ಎಕ್ಸೆಲ್ ಪಟ್ಟಿಯಿಂದ ಆರಂಭಿಸಬಹುದು. ಸಂಗ್ರಹ ಬೆಳೆದ ಮೇಲೆ ಪತ್ರಾಗಾರಗಳಿಗೆಂದೇ ಮಾಡಿದ ಆಟಮ್ (AtoM) ಎಂಬ ಉಚಿತ ತಂತ್ರಾಂಶಕ್ಕೆ ಸಾಗಿಸಬಹುದು. ಗ್ರಂಥಾಲಯಗಳು ಪುಸ್ತಕಗಳಿಗೆ ಬಳಸುವ ಕೋಹಾ ತಂತ್ರಾಂಶ ಇದಕ್ಕೆ ಒಗ್ಗುವುದಿಲ್ಲ, ಯಾಕೆಂದರೆ ಸಂಗ್ರಹ, ಶ್ರೇಣಿ, ಫೈಲ್, ಹಾಳೆ ಎಂಬ ಮೆಟ್ಟಿಲುಗಳನ್ನು ಅದರಲ್ಲಿ ತೋರಿಸುವುದು ಕಷ್ಟ.

ಇಡುವ ಜಾಗ

ಚಪ್ಪಟೆ ಖಾನೆಗಳ ಉಕ್ಕಿನ ಕಪಾಟು ಉತ್ತಮ. ಹುಬ್ಬಳ್ಳಿಯ ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನಲ್ಲಿ ಅಳತೆ ಕೊಟ್ಟು ಮಾಡಿಸಬಹುದು. ಎ0 ಹಾಳೆ 841 ಮತ್ತು 1189 ಮಿಲಿಮೀಟರ್ ಇರುವುದರಿಂದ ಖಾನೆಯ ಒಳಗಳತೆ ಅದಕ್ಕಿಂತ ನಾಲ್ಕೈದು ಸೆಂಟಿಮೀಟರ್ ಹೆಚ್ಚಿರಲಿ, ಖಾನೆಯ ಆಳ 5 ಸೆಂಟಿಮೀಟರ್ ಮೀರದಿರಲಿ, ಪೌಡರ್ ಕೋಟಿಂಗ್ ಮಾಡಿಸಿ. ನೆಲದಿಂದ ಕನಿಷ್ಠ 15 ಸೆಂಟಿಮೀಟರ್ ಮೇಲೆ, ಮಳೆ ಹೊಡೆಯುವ ಪಶ್ಚಿಮದ ಗೋಡೆಯಿಂದ ದೂರ, ನೀರಿನ ಟಾಕಿಯ ಅಡಿಯಲ್ಲಿಲ್ಲದ ಜಾಗದಲ್ಲಿಡಿ. ಚಪ್ಪಟೆಯಾಗಿಡಲು ಜಾಗ ಸಾಲದಿದ್ದರೆ ಕನಿಷ್ಠ 10 ಸೆಂಟಿಮೀಟರ್ ದಪ್ಪದ ಕೊಳವೆಗೆ ಒಳ್ಳೆಯ ಕಾಗದ ಸುತ್ತಿ, ಅದರ ಹೊರಮೈಗೆ ನಕಾಶೆಯನ್ನು ಸುತ್ತಿ, ಮೇಲೆ ಬಟ್ಟೆ ಹೊದಿಸಿ. ಈ ಹೊದಿಕೆಗೆ ಬೆಂಗೇರಿಯಲ್ಲೋ ಗರಗದಲ್ಲೋ ಸಿಗುವ ಬಣ್ಣ ಹಾಕದ ಖಾದಿ ಬಟ್ಟೆ, ಮೇಲೆ ಹೇಳಿದಂತೆ ಚೆನ್ನಾಗಿ ಜಾಲಿಸಿದ್ದು, ಬಹಳ ಒಳ್ಳೆಯದು. ಪಾಲಿಥಿನ್ ಹಾಳೆಯಲ್ಲಿ ಸುತ್ತಿದರೆ ತೇವ ಒಳಗೇ ಉಳಿಯುತ್ತದೆ.

ಗೋಡೆಗೊಂದು ಆರ್ದ್ರತಾ ಮಾಪಕ ಹಾಕಿ ದಿನಕ್ಕೆರಡು ಸಲ ಬರೆದಿಡಿ. ಶೇಕಡಾ 65ರ ಮೇಲೆ ಹಲವು ದಿನ ನಿಂತರೆ ಬೂಷ್ಟು ಹಿಡಿಯುತ್ತದೆ. 45ರಿಂದ 55ರ ನಡುವೆ ಇದ್ದರೆ ನೆಮ್ಮದಿ. ಹಗಲು ಎ.ಸಿ. ಹಾಕಿ ರಾತ್ರಿ ಆರಿಸುವುದಕ್ಕಿಂತ ಹಾಕದಿರುವುದೇ ಮೇಲು, ಯಾಕೆಂದರೆ ಏರಿಳಿತವೇ ಕಾಗದವನ್ನು ದಣಿಸುತ್ತದೆ. ಬೇವಿನ ಎಲೆ, ಬಜೆಯ ಪುಡಿಗಳನ್ನು ಬಟ್ಟೆಯ ಪೊಟ್ಟಣದಲ್ಲಿ ಕಪಾಟಿನ ಮೂಲೆಗೆ ಇಡುವುದಕ್ಕೆ ಅಡ್ಡಿಯಿಲ್ಲ, ಹಾಳೆಗಳ ನಡುವೆ ಉದುರಿಸಬಾರದು. ನುಸಿಗುಳಿಗೆಗಳು ಓದುಗರ ಆರೋಗ್ಯಕ್ಕೂ ಒಳ್ಳೆಯವಲ್ಲ.

ಗಣಕದ ಕಡತಗಳು ಮತ್ತು ಸ್ಕ್ಯಾನಿಂಗ್

1990ರ ದಶಕದ ನಂತರದ ಕೆಲಸಗಳು ಫ್ಲಾಪಿ, ಸಿ.ಡಿ., ಹಳೆಯ ಹಾರ್ಡ್ ಡಿಸ್ಕುಗಳಲ್ಲಿರುತ್ತವೆ. ಇವು ಬ್ಲೂಪ್ರಿಂಟಿಗಿಂತ ಬೇಗ ಸಾಯುತ್ತವೆ, ಆದ್ದರಿಂದ ಮೊದಲ ತಿಂಗಳಲ್ಲೇ ನಕಲು ತೆಗೆಯಿರಿ. ನಕಾಶೆ ಬರೆಯುವ ಆಟೊಕ್ಯಾಡ್ ತಂತ್ರಾಂಶದ ಕಡತವನ್ನು ಮೂಲ ರೂಪದಲ್ಲಿ ಇದ್ದಂತೆ ಉಳಿಸಿ, ಜೊತೆಗೆ ಪಿ.ಡಿ.ಎಫ್.-ಎ (ದೀರ್ಘಕಾಲ ಉಳಿಸಲೆಂದು ಮಾಡಿದ ಪಿ.ಡಿ.ಎಫ್.) ಮತ್ತು ಡಿ.ಎಕ್ಸ್.ಎಫ್. (ಬೇರೆ ನಕಾಶೆ ತಂತ್ರಾಂಶಗಳೂ ತೆರೆಯಬಲ್ಲ ಕಡತ) ರೂಪಗಳನ್ನೂ ಮಾಡಿಡಿ. ಒಂದು ನಕಾಶೆ ಇನ್ನೊಂದು ಕಡತವನ್ನು, ಅಕ್ಷರದ (ಫಾಂಟ್) ಕಡತವನ್ನು ಅವಲಂಬಿಸಿರುವುದರಿಂದ ಇಡೀ ಫೋಲ್ಡರನ್ನೇ ನಕಲು ಮಾಡಬೇಕು. ನುಡಿ, ಬರಹ, ಶ್ರೀಲಿಪಿ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಸಂಕೇತದಲ್ಲಿ ಬೆರಳಚ್ಚಿಸಿದ ಕನ್ನಡದ ಅಂದಾಜು ಪತ್ರಿಕೆಗಳು ಇಂದು ತೆರೆದರೆ ಅರ್ಥವಾಗದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಅವನ್ನು ಕೆಟ್ಟುಹೋದವೆಂದು ಅಳಿಸದೆ ಯುನಿಕೋಡಿಗೆ ಪರಿವರ್ತಿಸಿ, ಮೂಲವನ್ನೂ ಇಟ್ಟುಕೊಳ್ಳಿ. ಮೂರು ಪ್ರತಿಗಳಿರಲಿ, ಒಂದು ಬೇರೆ ಊರಿನಲ್ಲಿರಲಿ.

ಸ್ಕ್ಯಾನಿಂಗಿಗೆ ರೋಲರ್ ಯಂತ್ರಕ್ಕೆ ಹಳೆಯ ಹಾಳೆ ಕೊಡಬೇಡಿ, ಒಂದು ಸೀಳಿದ್ದದ್ದು ಎರಡು ತುಂಡಾಗಿ ಹೊರಬರುತ್ತದೆ. ಮೇಲಿನಿಂದ ಕ್ಯಾಮೆರಾ ಇಟ್ಟು ತೆಗೆಯುವುದು ಕ್ಷೇಮ. ಇಂಚಿಗೆ 300 ಬಿಂದುಗಳಂತೆ ಬಣ್ಣದಲ್ಲಿ ಟಿಫ್ ರೂಪದಲ್ಲಿ ತೆಗೆದರೆ ಒಂದು ಎ0 ಹಾಳೆ ಸುಮಾರು 420 ಎಂ.ಬಿ. ಆಗುತ್ತದೆ, ಸಾವಿರ ಹಾಳೆಗೆ 420 ಜಿ.ಬಿ.; ಹಾರ್ಡ್ ಡಿಸ್ಕಿನ ಖರ್ಚನ್ನು ಮೊದಲೇ ಲೆಕ್ಕ ಹಾಕಿ. ಹಿಂಬದಿಯಲ್ಲಿ ಬರಹವಿದ್ದರೆ ಅದನ್ನೂ ತೆಗೆಯಬೇಕು. ಸ್ಕ್ಯಾನ್ ಆಯಿತೆಂದು ಮೂಲವನ್ನು ರದ್ದಿಗೆ ಕೊಟ್ಟರೆ ಬ್ಲೇಡಿನಿಂದ ಕೆರೆದ ಗುರುತು, ಶಾಯಿಯ ದಪ್ಪ, ಕಾಗದದ ತಯಾರಕರ ನೀರುಗುರುತು ಎಲ್ಲವೂ ಹೋಗುತ್ತವೆ.

ಓದುಗರಿಗೆ ಕೊಡುವಾಗ

ಒಮ್ಮೆಗೆ ಒಂದೇ ಫೋಲ್ಡರ್ ಕೊಡಿ, ಮೇಜು ಹಾಳೆಗಿಂತ ದೊಡ್ಡದಿರಲಿ, ಪೆನ್ಸಿಲ್ ಮಾತ್ರ ಇರಲಿ. ಹಾಳೆಯನ್ನು ತೊಳೆದು ಒಣಗಿಸಿದ ಕೈಗಳಿಂದ, ಇಬ್ಬರು ಸೇರಿ, ಕೆಳಗೊಂದು ರಟ್ಟು ಹಿಡಿದು ಎತ್ತಬೇಕು. ಜನ ಈಗಲೂ ವಾಸವಿರುವ ಮನೆಗಳ, ಬ್ಯಾಂಕಿನ ಭದ್ರತಾ ಕೋಣೆಗಳ ನಕಾಶೆಗಳನ್ನು ಮಾಲೀಕರ ಒಪ್ಪಿಗೆಯಿಲ್ಲದೆ ತೋರಿಸಬೇಡಿ, ಜಾಲತಾಣಕ್ಕೂ ಹಾಕಬೇಡಿ.

ಓದಲು ಬಂದವರು ಹೇಳುವುದನ್ನು ಬರೆದುಕೊಳ್ಳಲು ಮೇಜಿನ ಮೇಲೆ ಒಂದು ನೋಂದಣಿ ಪುಸ್ತಕ ಇಡಿ. ನಮ್ಮಲ್ಲಿಗೆ ಒಂದು ಸಲ ಆ ಹಳೆಯ ಡ್ರಾಫ್ಟ್ಸ್‌ಮನ್ನರೇ ಬಂದು, ಶಾಲೆಯ ಮೆಟ್ಟಿಲಿನ ಹಾಳೆಯ ಮೇಲೆ ತುಸು ಹೊತ್ತು ಬಾಗಿ ನೋಡಿ, "ಈ ಕೆಂಪು ಪೆನ್ಸಿಲ್ ಸಾಹೇಬ್ರದಲ್ರೀ, ನಂದು. ಅವರು ಹೇಳಿದ್ರು, ಸೈಟಿನ್ಯಾಗ ನಿಂತು ನಾ ತಿದ್ದೀನಿ" ಎಂದರು. ಕೆಲಸ, ಹಾಳೆಯ ಸಂಖ್ಯೆಗಳ ಮುಂದೆ ಅವರ ಮಾತನ್ನು ಅವರು ಆಡಿದಂತೆಯೇ ಬರೆದು, ಅಂದಿನ ದಿನಾಂಕ ಹಾಕಿ, ಅವರಿಂದ ಸಹಿ ಮಾಡಿಸಿಕೊಂಡು ಸೂಚಿಗೆ ಸೇರಿಸಿದೆವು.